ಮುಂದಿನ ಎಡಗಡೆ ಗಾಲಿಯ ಸಪ್ಪಳ

ಹೆಸರು ರೇವಣಪ್ಪ, ತಂದೆ ರಾಚಪ್ಪ ಬಿರಾದಾರ. ವಯಸ್ಸು ಅರವತ್ತೇಳು. ದ್ರಾಕ್ಷಿ ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಗುಮಾಸ್ತನಾಗಿದ್ದು ಈಗ ನಿವೃತ್ತ. ಮೂಲ ಊರು ಬೀದರ್ ಜಿಲ್ಲೆಯ ಭಾಲ್ಕಿ ತಾಲೂಕು, ಸದ್ಯ ವಾಸ ಸಾತಪುರ, ನಾಶಿಕ. ಹೆಂಡತಿ ಜಯಮಾಲಾ ತೀರಿಕೊಂಡು ಎರಡು ವರ್ಷವಾಯಿತು. ವಿಚಾರಿಸಿದ ಮೇರೆಗೆ ಈ ಮೂಲಕ ತಿಳಿಸುವುದೇನೆಂದರೆ:

ನನಗೆ ಮರಾಠಿ ಬರುತ್ತದೆ, ಮೂವತ್ತು ವರ್ಷದಿಂದ ಅದರಲ್ಲೇ ವ್ಯವಹಾರ. ಆದರೂ ಈ ಹೇಳಿಕೆ ಕನ್ನಡದಲ್ಲಿ ಕೊಡುತ್ತೇನೆಂದು ಕೇಳಿಕೊಂಡೆನು. ಯಾಕೆಂದರೆ ಈ ಪ್ರಕರಣ ಒಂದೇ ಒಂದು ಶಬ್ದದ ಮೇಲೆ ನಿಂತಿದೆ, ಆ ಶಬ್ದ ಯಾರ ಬಾಯಿಂದ ಯಾರ ಕಿವಿಗೆ ಹೇಗೆ ಹೋಯಿತು ಎಂಬುದು ಸರಿಯಾಗಿ ದಾಖಲಾಗಬೇಕು. ಠಾಣೆಯ ಹವಾಲ್ದಾರರು ಅಕ್ಕಲಕೋಟ ಕಡೆಯವರು, ಕನ್ನಡ ಬಲ್ಲವರು, ಬರೆದುಕೊಳ್ಳಲು ಒಪ್ಪಿದರು.

ನನ್ನ ಹೆಸರಿನಲ್ಲಿ ಬಿಳಿ ಬಣ್ಣದ ಹಳೆಯ ಕಾರು ಇದೆ. ಕಣ್ಣಿನ ಆಪರೇಶನ್ ಆದ ಮೇಲೆ ನಾನು ಅದನ್ನು ಊರೊಳಗೆ ಮಾತ್ರ ಓಡಿಸುತ್ತೇನೆ. ಜಯಮಾಲಾ ಇದ್ದಾಗ ಗಾಡಿಯ ಸಪ್ಪಳ ಅವಳೇ ಮೊದಲು ಹಿಡಿಯುತ್ತಿದ್ದಳು. ಅಡಿಗೆಮನೆಯಲ್ಲಿ ಕುಕ್ಕರ್ ಇದ್ದರೂ ಹೊರಗಿನ ಗಾಡಿ ನಮ್ಮದೋ ಅಲ್ಲವೋ ಹೇಳುತ್ತಿದ್ದಳು. ನನಗೆ ಎಡಗಿವಿ ಮಂದ. ಇದು ಪ್ರಕರಣಕ್ಕೆ ಬೇಕಿಲ್ಲ ಎಂದು ಹವಾಲ್ದಾರರು ಹೇಳಿದರು. ಇರಲಿ, ಬರೆದುಕೊಳ್ಳಿರಿ ಎಂದೆನು.

ಈ ಆಗಸ್ಟ್ ಮೊದಲ ವಾರದಿಂದ ಮುಂದಿನ ಎಡಗಡೆ ಗಾಲಿಯ ಹತ್ತಿರ ಸಪ್ಪಳ ಬರತೊಡಗಿತು. ಮೆಲ್ಲಗೆ ಹೋದರೆ ಇಲ್ಲ, ನಲವತ್ತರ ವೇಗ ದಾಟಿದರೆ ಬೀಸುಕಲ್ಲಿನ ಹಾಗೆ ಗರಗರ. ಬಲಕ್ಕೆ ತಿರುಗಿಸಿದರೆ ಜೋರು, ಎಡಕ್ಕೆ ತಿರುಗಿಸಿದರೆ ಕಡಿಮೆ. ನನ್ನ ಹೆಂಡತಿಯ ತಮ್ಮ ಉಮಾನಾಥ, ಅವನ ಹೆಂಡತಿ ಲತಾ, ಇಬ್ಬರೂ ನಾಶಿಕದಲ್ಲೇ ಇರುವವರು, ದಿನಾಂಕ 9ರಂದು ನನ್ನಲ್ಲಿಗೆ ಬಂದಿದ್ದರು. ಉಮಾನಾಥ ಡಿಕ್ಕಿಯಲ್ಲಿದ್ದ ಜಾಕು, ಕೊಡೆ, ನೀರಿನ ಬಾಟಲಿ ಎಲ್ಲ ಹೊರಗೆ ತೆಗೆದಿಟ್ಟು ಒಂದು ಸುತ್ತು ಹಾಕಿದನು. ಸಪ್ಪಳ ಹೋಗಲಿಲ್ಲ. ಕಲ್ಲು ಸಿಕ್ಕಿರಬೇಕೆಂದು ಗಾಲಿಯ ಮುಚ್ಚಳ ಕಿತ್ತನು, ಕಲ್ಲೂ ಇರಲಿಲ್ಲ. ಅಷ್ಟರಲ್ಲಿ ಲತಾ ಬಾಗಿಲಲ್ಲಿ ನಿಂತು, ಅದು ಗಾಡಿ ಅಲ್ಲರಿ, ಕುಂತು ಏಳೋವಾಗ ನಿಮ್ಮ ಮೊಣಕಾಲು ಮಾಡೋ ಸಪ್ಪಳ, ಮೊದಲ ಅದಕ್ಕ ಎಣ್ಣಿ ಹಾಕ್ರಿ ಎಂದಳು. ಹಾಂಗಾದ್ರ ನಿನ್ನ ಬಾಯಿಗೆ ಏನ್ ಹಾಕಮ್ ಹೇಳು ಅಂತ ಉಮಾನಾಥ ಅಂದನು. ಮೂವರೂ ನಕ್ಕೆವು. ನನ್ನ ಮನೆಯಲ್ಲಿ ಹಾಗೆ ನಗು ಬಹಳ ದಿನಗಳಿಂದ ಇರಲಿಲ್ಲ.

ಶ್ರಾವಣ ಸೋಮವಾರ, ದಿನಾಂಕ 12ರಂದು, ವೇರೂಳಿಗೆ, ಅಂದರೆ ಎಲ್ಲೋರಾಕ್ಕೆ, ಹೋಗಿ ಘೃಷ್ಣೇಶ್ವರನ ದರ್ಶನ ಮಾಡಿ, ಅಲ್ಲಿಂದ ಛತ್ರಪತಿ ಸಂಭಾಜಿನಗರದಲ್ಲಿರುವ ಉಮಾನಾಥನ ಮಗಳ ಮನೆಗೆ ಹೋಗುವುದೆಂದು ಆ ದಿನ ಮಾತಾಯಿತು. ಜಯಮಾಲಾ ಹೋದ ಮೇಲೆ ನಾನು ವೇರೂಳಿಗೆ ಹೋಗಿರಲಿಲ್ಲ. ಉಮಾನಾಥ ಹೇಳಿದ್ದೇನೆಂದರೆ, ಮಾಮಾ, ಮೆಕ್ಯಾನಿಕ್‌ಗ ತೋರಿಸ್ರಿ, ಅವ ಬ್ಯಾಡ ಅಂದ್ರ ಬಸ್ಸಿಗೆ ಹೋಗಮ್, ಇದೇನು ದೊಡ್ಡ ಮಾತಲ್ಲ. ಈ ಮಾತನ್ನು ಅವನು ಎರಡು ಸಲ ಹೇಳಿದನು.

ಮರುದಿನ ಶನಿವಾರ ಸಂಜೆ ಅಂಬಡ ಕಡೆ ಇರುವ ಮಹಿಬೂಬನ ಗ್ಯಾರೇಜಿಗೆ ಹೋದೆನು. ಮಹಿಬೂಬ ಆಳಂದ ಕಡೆಯವನು, ಕನ್ನಡ ಮಾತಾಡುತ್ತಾನೆ, ನನಗೆ ಕಾಕಾ ಅನ್ನುತ್ತಾನೆ. ಅವನು ಜಾಕು ಹಚ್ಚಿ ಗಾಲಿ ಎತ್ತಿ, ಒಂದು ಕೈ ಮೇಲೆ, ಒಂದು ಕೈ ಕೆಳಗೆ ಹಿಡಿದು ಅಲುಗಾಡಿಸಿದನು. ಪಕ್ಕದಲ್ಲಿ ಕಬ್ಬಿಣ ಕೊಯ್ಯುವ ಮಶೀನು ನಡೆದಿತ್ತು. ಆತ ಜೋರಾಗಿ ಹೇಳಿದ್ದು ಇಷ್ಟೇ: ಕಾಕಾ, ಗಾಲ್ಯಾಗ ಪ್ಲೇ ಅದ. ಸೋಮವಾರ ಸಾಮಾನು ತರಿಸ್ತೀನಿ, ಬಿಚ್ಚಿ ಹಾಕಮ್.

ನಾನು ಭಾಲ್ಕಿಯಲ್ಲಿ ಬಿ.ಎ. ಮೊದಲ ವರ್ಷದವರೆಗೆ ಓದಿದವನು. ಇಂಗ್ಲಿಷಿಗೆ ನಮಗೆ ಒಂದು ಪ್ಲೇ ಇತ್ತು. ಪ್ಲೇ ಅಂದರೆ ನಾಟಕ, ಆಕ್ಟ್ ಅಂದರೆ ಅಂಕ, ಸೀನ್ ಅಂದರೆ ದೃಶ್ಯ ಎಂದು ಸರ್ ಬೋರ್ಡಿನ ಮೇಲೆ ಬರೆದದ್ದು ಇಂದಿಗೂ ಕಣ್ಣ ಮುಂದಿದೆ, ಉಳಿದದ್ದು ಮರೆತಿದೆ. ದೇರ್‌ಫೋರ್, ಗಾಲಿ ನಾಟಕ ಮಾಡುತ್ತಿದೆ, ಒಳಗೆ ಏನೂ ಆಗಿಲ್ಲ, ಹುಡುಗ ಚೇಷ್ಟೆಗೆ ಹೀಗೆ ಅಂದನು ಎಂದು ತಿಳಿದೆನು. ಸಾಮಾನಿನ ಮಾತು ಗ್ಯಾರೇಜಿನವರು ಎಲ್ಲರಿಗೂ ಹೇಳುವಂಥದು ಅಂದುಕೊಂಡೆನು. ಹಾಂ ಹಾಂ, ಪ್ಲೇ, ಐ ನೋ, ಐ ನೋ ಎಂದು ತಲೆಯಾಡಿಸಿದೆನು. ಮಹಿಬೂಬ ನನ್ನ ಮುಖ ನೋಡಿ, ನಿಮಗ ತಿಳೀತಲ್ಲ ಕಾಕಾ, ಮತ್ತ ನಾ ಏನ್ ಹೇಳ್ಲಿ ಎಂದು ಇನ್ನೊಂದು ಗಾಡಿಯ ಕಡೆ ಹೋದನು. ವೇರೂಳಿಗೆ ಹೋಗುವ ವಿಷಯ ನಾನು ಅವನಿಗೆ ತಿಳಿಸಲಿಲ್ಲ. ಅವನು ಕೇಳಲೂ ಇಲ್ಲ. ಸಾತಪುರದಿಂದ ಅಂಬಡದಾಚೆ ನಾನು ಗಾಡಿ ಒಯ್ಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಮನೆಗೆ ಬಂದು ಉಮಾನಾಥನಿಗೆ ಫೋನು ಮಾಡಿದೆನು. ಮೆಕ್ಯಾನಿಕ್ ಗಾಲಿ ಎತ್ತಿ ನೋಡಿದಾನ, ಏನೂ ಇಲ್ಲ, ನಾಟಕ ಮಾಡ್ಲತ್ತದ ಅಂದಾನ ಎಂದು ಹೇಳಿದೆನು. ಪ್ಲೇ ಎಂಬ ಶಬ್ದವನ್ನು ನಾನು ಅವನಿಗೆ ಹೇಳಲೇ ಇಲ್ಲ. ಹೇಳಿದ್ದರೆ ಅವನಿಗೆ ಅರ್ಥವಾಗುತ್ತಿತ್ತು, ಅವನು ಕಾರಖಾನೆಯಲ್ಲಿ ಕೆಲಸ ಮಾಡಿದವನು. ಅವನು ನಕ್ಕು, ಮಾಮಾ, ಗಾಡಿ ಥೇಟ್ ನಿಮ್ಮಂಗೇ ಅದರಿ, ಊಟ ಹಾಕೂ ತನಕ ನರಳೂದು ಎಂದನು.

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಹೊರಟೆವು. ಉಮಾನಾಥ ಓಡಿಸುತ್ತಿದ್ದನು. ಹಿಂದಿನ ಸೀಟಿನಲ್ಲಿ ಕುಳಿತರೆ ಲತಾಗೆ ವಾಂತಿ ಬರುತ್ತದೆ, ಆದ್ದರಿಂದ ಮುಂದಿನ ಎಡಗಡೆ ಸೀಟು ಆಕೆಗೆ ಬಿಟ್ಟು ನಾನು ಹಿಂದೆ ಕುಳಿತೆನು. ಆಕೆ ಬೇಡ ಅಣ್ಣಾರ ಅಂದಳು. ನಾನೇ ಒತ್ತಾಯ ಮಾಡಿದೆನು. ನಾಶಿಕ ದಾಟಿ ವೇಗ ಏರಿದ ಮೇಲೆ ಸಪ್ಪಳ ಶುರುವಾಯಿತು. ಲತಾ, ಸುರುವಾತು ನೋಡ್ರಿ ಮೊದಲನೇ ಅಂಕ ಎಂದಳು. ಯೇವಲಾದಲ್ಲಿ ಚಹಾ ಕುಡಿದು ಹೊರಟಾಗ ಎರಡನೇ ಅಂಕ ಅಂದಳು. ಯೇವಲಾ ಬಿಟ್ಟು ವೈಜಾಪುರ ರಸ್ತೆಯಲ್ಲಿ ಹೋಗುವಾಗ ಗರಗರ ಹೋಗಿ ಕಟಕಟ ಬಂದಿತು. ಉಮಾನಾಥ ಸ್ಟೇರಿಂಗು ನಡುಗ್ಲತ್ತದ, ಮುಂದ ನಿಲ್ಲಸ್ತೀನಿ ಎಂದು ಎಡಗಡೆ ಇಂಡಿಕೇಟರ್ ಹಾಕಿದನು. ಅದೇ ಹೊತ್ತಿಗೆ ಗಾಲಿ ಒಳಕ್ಕೆ ಮಡಚಿಕೊಂಡು, ಗಾಡಿ ಎಡಕ್ಕೆ ಎಳೆದು, ರಸ್ತೆ ಬದಿಯ ತಗ್ಗಿಗೆ ಇಳಿದು ಜಾಲಿ ಮರಕ್ಕೆ ಹೊಡೆಯಿತು. ಮರ ಬಡಿದದ್ದು ಲತಾ ಕುಳಿತ ಕಡೆ.

ಆಮೇಲೆ ಸಪ್ಪಳ ಯಾವುದೂ ಇರಲಿಲ್ಲ. ಇಂಡಿಕೇಟರ್ ಮಾತ್ರ ಟಿಕ್ ಟಿಕ್ ಎನ್ನುತ್ತಿತ್ತು. ನನ್ನ ಮಂದ ಕಿವಿಗೂ ಅದು ಕೇಳುತ್ತಿತ್ತು. ಆಕೆಯ ತೊಡೆಯ ಮೇಲಿದ್ದ ಬಿಲ್ವಪತ್ರೆ ಎಲ್ಲ ಗಾಡಿ ತುಂಬ ಹರಡಿತ್ತು. ದವಾಖಾನೆಗೆ ಒಯ್ಯುವಾಗ ದಾರಿಯಲ್ಲಿ ಲತಾ ತೀರಿಕೊಂಡಳು. ಉಮಾನಾಥನ ಭುಜ ಮತ್ತು ಪಕ್ಕೆಲುಬು ಮುರಿದಿವೆ. ನನಗೆ ಹಣೆಯ ಮೇಲೆ ತರಚಿದ ಗಾಯ, ಅಷ್ಟೇ.

ಮೆಕ್ಯಾನಿಕ್ ಏನೂ ಇಲ್ಲವೆಂದು ಹೇಳಿದ್ದರಿಂದ ಗಾಡಿ ತಂದೆವು ಎಂದು ಉಮಾನಾಥ ದವಾಖಾನೆಯ ಹಾಸಿಗೆಯಲ್ಲೇ ಹೇಳಿಕೆ ಕೊಟ್ಟನು. ಅವನು ಸುಳ್ಳು ಹೇಳಿಲ್ಲ. ಅವನಿಗೆ ತಲುಪಿದ್ದು ಅಷ್ಟೇ. ಅದರ ಮೇಲೆ ಮಹಿಬೂಬನನ್ನು ನಿನ್ನೆ ಠಾಣೆಗೆ ಕರೆತಂದಿದ್ದಾರೆ. ನನ್ನ ಎದುರಿಗೇ ಠಾಣೆಯ ಸಾಹೇಬರು ಏನು ಹೇಳಿದ್ದೆ ಎಂದು ಕೇಳಿದಾಗ, ಪ್ಲೇ ಅದ ಅಂತ ಕಾಕಾಗ ಹೇಳೀನಿ, ಅವರು ಹಾಂ ಅಂದಾರ ಎಂದನು. ಸಾಹೇಬರು ನನ್ನ ಕಡೆ ತಿರುಗಿದರು. ನಾಟಕ ಅಂದನು ಎಂದು ನಾನು ಹೇಳಿದೆನು. ಸಾಹೇಬರು ತಮ್ಮ ಕುರ್ಚಿಯ ಸಡಿಲಾದ ಕೈಯನ್ನು ಹಿಡಿದು ಆಚೆ ಈಚೆ ಅಲುಗಾಡಿಸಿ, ಇದಕ್ಕೆ ಪ್ಲೇ ಅನ್ನುತ್ತಾರೆ ಎಂದರು. ಕೋಣೆಯಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು.

ಇಂದು ಹವಾಲ್ದಾರರು ನನ್ನ ವಯಸ್ಸು ನೋಡಿ, ಮಶೀನಿನ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ ಅಂತ ಬರೆಯೋಣೇನ್ರಿ, ನಿಮಗೂ ತ್ರಾಸಿಲ್ಲ ಎಂದರು. ಒಳ್ಳೆಯ ಮನಸ್ಸಿನಿಂದ ಅಂದರು. ನಾನು ಒಪ್ಪಲಿಲ್ಲ. ನನಗೆ ಕೇಳಿಸಿತ್ತು. ಎಡಗಿವಿ ಮಂದ, ಬಲಗಿವಿ ಚೆನ್ನಾಗಿದೆ, ಮಹಿಬೂಬ ಬಲಗಡೆಗೇ ನಿಂತಿದ್ದನು. ಆತನು ತನ್ನ ಕಸುಬಿನ ಮಾತನ್ನು ಸರಿಯಾಗಿ ಹೇಳಿದನು, ನಾನು ತಿಳಿದವನ ಹಾಗೆ ತಲೆಯಾಡಿಸಿದೆನು, ಆಮೇಲೆ ಬೇರೆ ಮಾತು ಮಾಡಿ ಉಮಾನಾಥನಿಗೆ ದಾಟಿಸಿದೆನು.

ಉಮಾನಾಥನಿಗೆ ಇದು ಇನ್ನೂ ಗೊತ್ತಿಲ್ಲ. ಈ ಬೆಳಿಗ್ಗೆ ನಾನೇ ಅವನಿಗೆ ಗಂಜಿ ಕುಡಿಸಿದೆನು. ಮಾಮಾ, ನೀವಾದ್ರೂ ಉಳಿದ್ರಲ್ಲ ಎಂದು ಅವನು ನನ್ನ ಕೈ ಹಿಡಿದಿದ್ದನು. ಈ ಕಾಗದ ಯಾರಾದರೂ ಅವನಿಗೆ ಓದಿ ಹೇಳುವ ಮುಂಚೆ ನಾನೇ ಹೇಳಬೇಕೆಂದಿದ್ದೇನೆ. ಎರಡು ಸಲ ಅವನ ಹಾಸಿಗೆಯವರೆಗೆ ಹೋಗಿ, ನೀರು ಬೇಕೇನಪಾ ಎಂದು ಕೇಳಿ ತಿರುಗಿ ಬಂದಿದ್ದೇನೆ. ನನಗೆ ಎಷ್ಟು ದಿನ ಹಿಡಿಯುತ್ತದೋ ತಿಳಿಯದು. ಅಲ್ಲಿಯವರೆಗೆ ಮಹಿಬೂಬನನ್ನು ಕೂಡಿಸಿಡಬೇಡಿರಿ. ಇವತ್ತೇ ಮನೆಗೆ ಕಳಿಸಿರಿ.

ಮೇಲೆ ಬರೆಸಿದ್ದನ್ನು ಹವಾಲ್ದಾರರು ಕನ್ನಡದಲ್ಲಿ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ನಿಜವಿದೆ. ಯಾರ ಒತ್ತಾಯವೂ ಇಲ್ಲ.

ಸ್ಥಳ: ಪೊಲೀಸ್ ಠಾಣೆ, ಛತ್ರಪತಿ ಸಂಭಾಜಿನಗರ ಜಿಲ್ಲೆ
ದಿನಾಂಕ: 14-8-2024
ಸಹಿ: ರೇವಣಪ್ಪ ರಾಚಪ್ಪ ಬಿರಾದಾರ