ರಿಸ್ಸೊ ಅಂಗಳದ ಸದ್ದಿಗೆ ನಾನು ಇಟ್ಟ ಹೆಸರು

ಹೆಸರು: ಸೆಸಿಲ್ ಬಾಲ್ಯೆತ್ತೊ. ವಯಸ್ಸು: ಅರವತ್ತೆಂಟು. ಕಸುಬು: ಪತ್ರಿಕೆಯ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ, ಈಗ ನಿವೃತ್ತ. ವಾಸ: ಮೊದಲನೆಯ ಮಹಡಿ, ರಿಸ್ಸೊ ಅಂಗಳ, ಮೇಲ್ಪೇಟೆ, ಜಿಬ್ರಾಲ್ಟರ್.

ಮೇಲ್ಕಂಡ ನಾನು ಯಾರೂ ಕರೆಯದೆ ಈ ದಿನ ಠಾಣೆಗೆ ಬಂದಿದ್ದೇನೆ. ಶನಿವಾರ ಸಂಜೆ ದೂರವಾಣಿಯಲ್ಲಿ ನಾನೇ ಕೊಟ್ಟ ದೂರಿನ ಬಗ್ಗೆ ನನ್ನ ಕೈಯಾರೆ ಬರೆದುಕೊಡುವುದು ಹೀಗಿದೆ:

ನಮ್ಮ ಅಂಗಳಕ್ಕೆ ಹನ್ನೊಂದು ಮನೆಗಳು, ಒಂದೇ ಬಾಗಿಲು, ಒಂದೇ ಮೆಟ್ಟಿಲು. ನನ್ನ ಮನೆಯ ಮೇಲಿನ ಮನೆಯಲ್ಲಿ ಹೊರೇಸ್ ಸೆಲೆಸಿಯಾ ಇದ್ದಾರೆ. ಹಡಗುಕಟ್ಟೆಯಲ್ಲಿ ಕೆಲಸ ಮಾಡಿದವರು, ಹೆಂಡತಿ ತೀರಿಕೊಂಡು ಬಹಳ ವರ್ಷಗಳಾದವು. ಏಪ್ರಿಲ್ 16, 1983ರ ಶನಿವಾರ ಬೆಳಿಗ್ಗೆ ಅವರು ಗಡಿಬೇಲಿಯಾಚೆ, ಸ್ಪೇನಿನಲ್ಲಿರುವ ಲಾ ಲೀನಿಯಾ ಊರಿನ ಒಬ್ದುಲಿಯಾ ಎಂಬ ವಿಧವೆಯನ್ನು ಚರ್ಚಿನಲ್ಲಿ ಮದುವೆಯಾದರು. ನನ್ನನ್ನು ಕರೆದಿದ್ದರು. ನಾನು ಹೋಗಲಿಲ್ಲ.

ಹೋಗದಿದ್ದುದರ ಕಾರಣವನ್ನು ಇಲ್ಲಿಯೇ ಹೇಳುತ್ತೇನೆ. 1969ರ ಜೂನಿನಲ್ಲಿ ಸ್ಪೇನ್ ಸರ್ಕಾರ ಗಡಿಬೇಲಿಯ ಗೇಟು ಮುಚ್ಚಿತು. ಹದಿಮೂರು ವರ್ಷ ಅತ್ತಲಿನವರು ಅತ್ತ, ಇತ್ತಲಿನವರು ಇತ್ತ. ಭಾನುವಾರ ಎಲ್ಲರೂ ಬೇಲಿಯ ಎರಡೂ ಬದಿ ನಿಂತು ತಮ್ಮ ತಮ್ಮವರಿಗೆ ಕೂಗಿ ಹೇಳಬೇಕಿತ್ತು. ಯಾರಿಗೆ ಮಗು ಹುಟ್ಟಿತು, ಯಾರ ಹಲ್ಲು ಬಿತ್ತು, ಯಾರ ಬಾಡಿಗೆ ಏರಿತು ಎಲ್ಲವೂ ಕೂಗಿನಲ್ಲಿಯೇ. ನನ್ನ ತಂಗಿ ಅಂಪಾರೊ ಅತ್ತ ಇದ್ದಳು. ಅವಳು ಸತ್ತ ಸುದ್ದಿಯನ್ನೂ ಯಾರೋ ಗುರುತಿಲ್ಲದ ಹೆಂಗಸು ಬೇಲಿಯಾಚೆಯಿಂದ ಎರಡು ಸಲ ಕೂಗಿ ಹೇಳಿದಳು. ಮೊದಲನೆಯ ಸಲ ಗಾಳಿ ನುಂಗಿತ್ತು. ಗೇಟು ಮುಚ್ಚಿದವರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಉದ್ದೇಶವೂ ಇಲ್ಲ. ಆದರೆ ಗೇಟು ಮುಚ್ಚಿದವರು ಬೇರೆ, ಅದರ ಹಿಂದೆ ಸಿಕ್ಕಿಕೊಂಡವರು ಬೇರೆ ಎಂಬುದನ್ನು ಶನಿವಾರ ನಾನು ಮರೆತೆ. ಬೇಕೆಂದೇ ಮರೆತೆ ಎಂದು ಬರೆಯುವುದು ಸರಿ.

ಹೊರೇಸ್ ಮತ್ತು ಒಬ್ದುಲಿಯಾ ಪರಿಚಯವಾದದ್ದು ಆ ಬೇಲಿಯಲ್ಲಿಯೇ. ಒಬ್ದುಲಿಯಾ ಅವರ ಚಿಕ್ಕಮ್ಮ ನಮ್ಮ ಅಂಗಳದಲ್ಲಿದ್ದರು, ಕಿವಿ ಮಂದ. ಹೊರೇಸ್ ಆ ಚಿಕ್ಕಮ್ಮನ ಕೈಹಿಡಿದು ಬೇಲಿಗೆ ಕರೆದೊಯ್ದು, ಅತ್ತಲಿಂದ ಬಂದ ಕೂಗನ್ನು ಕಿವಿಯ ಹತ್ತಿರ ಮತ್ತೆ ಹೇಳುತ್ತಿದ್ದರು. ಚಿಕ್ಕಮ್ಮ ತೀರಿಕೊಂಡ ಮೇಲೂ ಇಬ್ಬರೂ ಭಾನುವಾರ ತಪ್ಪಿಸಲಿಲ್ಲ. "ಇವತ್ತು ಏನು ಅಡಿಗೆ?" ಎಂದು ಇವರು ಕೂಗಿದರೆ, "ಕಡಲೆ, ಪಾಲಕ್! ನೀನು ಸ್ವೆಟರ್ ಹಾಕ್ಕೊಂಡಿಲ್ವಲ್ಲ ಮಾರಾಯಾ!" ಎಂದು ಅವರು. ಜನವೆಲ್ಲ ಕೇಳಿ ನಗುತ್ತಿತ್ತು. ನಾನೂ ನಕ್ಕಿದ್ದೇನೆ. ಕಳೆದ ಡಿಸೆಂಬರಿನಲ್ಲಿ ಗೇಟು ನಡೆದು ಬರುವವರಿಗೆ ತೆರೆಯಿತು, ಏಪ್ರಿಲಿನಲ್ಲಿ ಮದುವೆಯಾಯಿತು.

ಶನಿವಾರ ಸಂಜೆ ನಾಲ್ಕರ ಸುಮಾರಿಗೆ ನೆಲಮಹಡಿಯ ಮರಿಲೂ ನನ್ನ ಬಾಗಿಲು ತಟ್ಟಿದರು. ಕೈಯಲ್ಲಿ ಎರಡು ಬಾಣಲೆಗಳಿದ್ದವು. ಗಂಡ ಸತ್ತವಳೋ ಹೆಂಡತಿ ಸತ್ತವನೋ ಮತ್ತೆ ಮದುವೆಯಾದರೆ ಅವರ ಕಿಟಕಿಯ ಕೆಳಗೆ ನೆರೆಯವರು ಪಾತ್ರೆ, ಗಂಟೆ, ತಗಡು ಬಡಿಯುವುದು ನಮ್ಮಲ್ಲಿ ಹಳೆಯ ಪದ್ಧತಿ. ಅದಕ್ಕೆ ಸೆನ್ಸೆರ್ರಾದಾ ಎನ್ನುತ್ತಾರೆ. ನನ್ನ ಅಜ್ಜಿಯ ಕಾಲದಲ್ಲಿ ಜೋರಾಗಿತ್ತು, ಈಚೆಗೆ ನಿಂತುಹೋಗಿತ್ತು. ವರ ಕಿಟಕಿ ತೆರೆದು, ಬೈಗುಳ ಕೇಳಿಸಿಕೊಂಡು, ಎಲ್ಲರಿಗೂ ವೈನ್ ಕೊಟ್ಟರೆ ಸದ್ದು ನಿಲ್ಲಬೇಕು. ಎಷ್ಟು ತಡಮಾಡಿ ತೆರೆಯುತ್ತಾನೋ ಅಷ್ಟು ಮರ್ಯಾದೆ. ಅಲ್ಲಿಯವರೆಗೆ ವಧುವಿನ ಕಡೆಯವರು ಯಾರನ್ನೂ ಮೆಟ್ಟಿಲು ಹತ್ತಲು ಬಿಡಬಾರದು.

ಬರುತ್ತೀರಾ ಎಂದು ಮರಿಲೂ ಕೇಳಿದರು. ನನಗೆ ಸದ್ದು ಆಗಿಬರುವುದಿಲ್ಲ, ಮೋಟರ್‌ಸೈಕಲ್ಲುಗಳ ಬಗ್ಗೆ ನಾನು ಪತ್ರಿಕೆಗೆ ಬರೆದದ್ದನ್ನು ಅವರು ಓದಿಲ್ಲವೇ ಎಂದೆ. ಅದಕ್ಕೆ ಅವರು, "ಓದಿದೀನಿ ದೋನ್ ಸೆಸಿಲ್. ನಿಮ್ಮ ಮನೇಲಿರೋ ದಪ್ಪ ಪುಸ್ತಕಗಳನ್ನ ತಗೊಂಡು ಬನ್ನಿ, ಒಂದಕ್ಕೊಂದು ಬಡೀರಿ. ಬಾಣಲೆ ಬೇಡ," ಎಂದರು. ಮೆಟ್ಟಿಲಲ್ಲಿದ್ದವರು ನಕ್ಕರು. ನಾನು ಬಾಗಿಲು ಹಾಕಿಕೊಂಡೆ.

ಐದೂವರೆಗೆ ಬಡಿತ ಶುರುವಾಯಿತು. ಕಿಟಕಿಯ ಪರದೆಯ ಹಿಂದೆ ನಿಂತು ನೋಡಿದೆ. ನಮ್ಮ ಅಂಗಳದವರೇ ಹೆಚ್ಚು. ಬೇಲಿಯಾಚೆಯಿಂದ ನಡೆದು ಬಂದಿದ್ದವರು ಎಂಟು ಹತ್ತು ಜನ, ಎಲ್ಲರೂ ಮದುವೆಯ ಬಟ್ಟೆಯಲ್ಲಿ. ವಧುವಿನ ತಮ್ಮ ಫೆರ್ಮಿನ್ ಎಂಬುವರು ತಮ್ಮ ತಂದೆಯ ಆಡಿನ ಕೊರಳಿನ ಗಂಟೆ ತಂದಿದ್ದರು. ಮೆಟ್ಟಿಲಿನ ಮಧ್ಯದಲ್ಲಿ ನಿಂತು ಅದನ್ನು ಆಡಿಸುತ್ತಿದ್ದರು. ಕೆಳಗಿನಿಂದ ಮರಿಲೂ, "ಲೋ ಹೊರೇಸ್, ಕೂಗಿ ಕೂಗಿ ಗಂಟಲು ಹೋಯ್ತಾ? ಹೆಂಡ್ತಿ ಈಗ ಪಕ್ಕದಲ್ಲೇ ಅವ್ಳೆ, ಮೆಲ್ಲಗೆ ಮಾತಾಡೋದು ಕಲ್ತ್ಕೋ!" ಎಂದು ಕೂಗಿದರು. ಕಿಟಕಿ ತೆರೆಯಲಿಲ್ಲ. ಹೊರೇಸ್ ಪದ್ಧತಿ ಬಲ್ಲವರು, ತಡಮಾಡುತ್ತಿದ್ದರು.

ಐದು ಗಂಟೆ ಐವತ್ತಕ್ಕೆ ನಾನು ಠಾಣೆಗೆ ಫೋನ್ ಮಾಡಿದೆ.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ನಾವು ಈ ಊರಿನವರು ಉಣ್ಣುವುದು, ಬೈಯುವುದು, ಲಾಲಿ ಹಾಡುವುದು ಸ್ಪ್ಯಾನಿಷಿನಲ್ಲಿ. ಆಡಳಿತ ಬ್ರಿಟಿಷರದ್ದಾದ್ದರಿಂದ ಬ್ಯಾಂಕು, ಕೋರ್ಟು, ಪೊಲೀಸು ಎಂದರೆ ಇಂಗ್ಲಿಷ್. ಫೋನ್ ಎತ್ತುವ ಮೊದಲು ನಾನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೆ. ನನ್ನ ಇಂಗ್ಲಿಷ್ ಮನೆಯಲ್ಲಿ ಬೆಳೆದದ್ದಲ್ಲ, ಪುಸ್ತಕದಲ್ಲಿ ಬೆಳೆದದ್ದು. ಅದರಲ್ಲಿ ಮಾತಾಡುವಾಗ ಎಲ್ಲವೂ ಇರುವುದಕ್ಕಿಂತ ದೊಡ್ಡದಾಗುತ್ತದೆ.

ಅಂಗಳದಲ್ಲಿ ಕೇಳುತ್ತಿದ್ದ ಸದ್ದಿಗೆ ನನ್ನ ತಾಯಿಯ ಮಾತಿನಲ್ಲಿ ಹೆಸರುಗಳಿವೆ. ಜನ ಸೇರಿ ನೂಕಾಡಿಕೊಂಡು ನಗುವ ಸದ್ದು ಬುಯಾ. ಚಪ್ಪಾಳೆ ತಟ್ಟುತ್ತ ನಾವೂ ಸೇರಿಕೊಳ್ಳಬಹುದಾದ ಸಂಭ್ರಮದ ಸದ್ದು ಹಲೇಯೊ. ನಿದ್ದೆಯವರನ್ನು ಎಬ್ಬಿಸುವುದು ಅಲ್ಬೊರೋತೊ. ಮನೆಯ ಮಾನ ಬೀದಿಗೆ ಬರುವ ಸದ್ದು ಎಸ್ಕಾಂದಲೊ. ಅದು ಹಲೇಯೊ ಎಂದು ನನಗೆ ಗೊತ್ತಿತ್ತು. ಹಾಗೆಂದಿದ್ದರೆ ಫೋನ್ ಎತ್ತಿದವರು, ಅವರೂ ನಮ್ಮ ಊರಿನವರೇ, ಯಾರ ಮದುವೆ ಎಂದು ಕೇಳುತ್ತಿದ್ದರು.

ನಾನು ಇಂಗ್ಲಿಷಿನಲ್ಲಿ, ಅಂಗಳದಲ್ಲಿ ನಾಯ್ಸ್ ಆಗುತ್ತಿದೆ ಎಂದೆ. ಆ ಕಾನ್‌ಸ್ಟೆಬಲ್ ಸಭ್ಯವಾಗಿ, ಬರೀ ನಾಯ್ಸ್ ಆದರೆ ರಾತ್ರಿ ಹನ್ನೊಂದಾದ ಮೇಲೆ ಫೋನ್ ಮಾಡಿ, ಈಗಿನ್ನೂ ಬೆಳಕಿದೆ ಎಂದರು. ಕಮೋಶನ್, ಅಂದರೆ ಗಲಿಬಿಲಿ, ಎಂದೆ. ಯಾರಾದರೂ ಬಿದ್ದಿದ್ದಾರೆಯೇ ಎಂದು ಕೇಳಿದರು. ಅಪ್‌ರೋರ್, ಅಂದರೆ ಕೋಲಾಹಲ, ಎಂದೆ. ಅವರು ನಗುತ್ತಿದ್ದಾರೆಂದು ನನಗೆ ಅನ್ನಿಸಿತು. ಆಗ ನಾನು, ಬೇಲಿಯಾಚೆಯ ಸ್ಪೇನಿನವರು ಗುಂಪು ಕಟ್ಟಿಕೊಂಡು ನುಗ್ಗಿದ್ದಾರೆ, ಕೈಯಲ್ಲಿ ಕಬ್ಬಿಣವಿದೆ, ಇದು ರಯಟ್ ಎಂದೆ. ರಯಟ್ ಎಂದರೆ ಕಾನೂನಿನಲ್ಲಿ ದೊಂಬಿ. ಆ ಪದಕ್ಕೆ ಎಷ್ಟು ತೂಕವಿದೆ ಎಂದು ನನಗೆ ತಿಳಿದಿತ್ತು. ಮೂವತ್ತು ವರ್ಷ ಇನ್ನೊಬ್ಬರ ವಾಕ್ಯಗಳಲ್ಲಿ ಅಂಥ ಪದಗಳನ್ನು ಹೊಡೆದುಹಾಕಿ ಚಿಕ್ಕದನ್ನು ಬರೆಯುವುದೇ ನನ್ನ ಕೆಲಸವಾಗಿತ್ತು. ಕಬ್ಬಿಣವೆಂದದ್ದು ಬಾಣಲೆಗಳನ್ನು.

ಆರು ಗಂಟೆ ಐದಕ್ಕೆ ವ್ಯಾನು ಬಂತು. ಆರು ಕಾನ್‌ಸ್ಟೆಬಲ್‌ಗಳು ಹೆಲ್ಮೆಟ್ ಹಾಕಿಕೊಂಡು ಅಂಗಳಕ್ಕೆ ಓಡಿಬಂದರು. ಬಡಿಯುತ್ತಿದ್ದವರು ಇದೂ ಆಟದ ಒಂದು ಭಾಗವೆಂದುಕೊಂಡು ಇನ್ನೂ ಜೋರಾಗಿ ಬಡಿದರು. ಫೆರ್ಮಿನ್ ಮೆಟ್ಟಿಲಿಗೆ ಅಡ್ಡಲಾಗಿ ಕೈ ಚಾಚಿ, ನಗುತ್ತಲೇ, "ಹತ್ತೋ ಹಾಗಿಲ್ಲ ಬುದ್ಧಿ! ಭಾವ ಕಿಟಕಿ ತೆಗೀಲಿ, ನಿಮ್ಗೂ ಒಂದೊಂದು ಲೋಟ ಕೊಡ್ತಾನೆ!" ಎಂದು ಮುಂದೆ ಬಂದ ಕಾನ್‌ಸ್ಟೆಬಲ್‌ನ ಮುಖದ ಮುಂದೆ ಗಂಟೆ ಆಡಿಸಿದರು. ಆ ಕಾನ್‌ಸ್ಟೆಬಲ್ ಇಂಗ್ಲೆಂಡಿನಿಂದ ಹೊಸದಾಗಿ ಬಂದವರು. ಅವರಿಗೆ ದೊಂಬಿ ಎಂದು ಹೇಳಲಾಗಿತ್ತು. ಅವರು ಫೆರ್ಮಿನ್‌ರನ್ನು ಪಕ್ಕಕ್ಕೆ ತಳ್ಳಿದರು. ಫೆರ್ಮಿನ್ ಆಯ ತಪ್ಪಿ, ಬೀಳದಿರಲು ಅವರ ಕೊರಳಪಟ್ಟಿ ಹಿಡಿದರು. ಗುಂಡಿಗಳು ಕಿತ್ತುಬಂದವು, ಇಬ್ಬರೂ ಮೂರು ಮೆಟ್ಟಿಲು ಉರುಳಿದರು. ಕಾನ್‌ಸ್ಟೆಬಲ್‌ನ ತಪ್ಪು ಇದರಲ್ಲಿ ಏನೂ ಇಲ್ಲ.

ಅದೇ ಹೊತ್ತಿಗೆ ಮೇಲೆ ಕಿಟಕಿ ತೆರೆಯಿತು. ಹೊರೇಸ್ ಸೂಟು ಹಾಕಿಕೊಂಡು, ಎರಡೂ ಕೈಯಲ್ಲಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದರು. ಬೈಗುಳಕ್ಕೆ ಉತ್ತರವಾಗಿ ಏನೋ ಹೇಳಲು ಬಾಯಿ ತೆರೆದಿದ್ದರು. ಕೆಳಗೆ ಫೆರ್ಮಿನ್‌ರ ಕೈಗಳನ್ನು ಬೆನ್ನ ಹಿಂದೆ ಕಟ್ಟುತ್ತಿದ್ದರು. ಹೊರೇಸ್ ತಟ್ಟೆಯನ್ನು ಹಿಡಿದುಕೊಂಡೇ ಇದ್ದರು, ಎಲ್ಲಿ ಇಡಬೇಕೆಂದು ತಿಳಿಯದವರ ಹಾಗೆ. ಒಬ್ದುಲಿಯಾ ಗಂಡನ ಹೆಗಲ ಹಿಂದಿನಿಂದ ಇಣುಕಿ, ತಮ್ಮನ ಹೆಸರನ್ನು ಒಂದು ಸಲ ಕರೆದರು. ಕೂಗಲಿಲ್ಲ. ನಾನು ಪರದೆ ಬಿಟ್ಟೆ.

ಭಾನುವಾರ ಬೆಳಿಗ್ಗೆ ಮರಿಲೂ ನೀರು ಹಿಡಿಯುವಾಗ ನನ್ನನ್ನು ನೋಡಿ, "ಯಾರೋ ಫೋನ್ ಮಾಡಿದ್ರಂತೆ ದೋನ್ ಸೆಸಿಲ್. ನಮ್ಮ ಅಂಗಳದಲ್ಲಿ ಅಂಥೋರು ಯಾರಿದ್ದಾರೆ ಹೇಳಿ? ಬೀದಿಯಿಂದ ಯಾರೋ ಮಾಡಿರಬೇಕು, ಹೊಟ್ಟೆ ಉರಿಯೋನು," ಎಂದರು. ನನ್ನ ಮೇಲೆ ಅವರಿಗೆ ಅನುಮಾನವೇ ಇರಲಿಲ್ಲ. ಇರಬೇಕು ಎಂದೆ. ಅವರು ನನ್ನ ಬಕೆಟ್ಟನ್ನೂ ತುಂಬಿಸಿಕೊಟ್ಟರು.

ಇಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದೆ. ಶನಿವಾರದಿಂದ ಲಾಕಪ್ಪಿನಲ್ಲಿದ್ದ ಫೆರ್ಮಿನ್‌ಗಾಗಿ ಬೆಂಚಿನಲ್ಲಿ ಹೊರೇಸ್ ಮತ್ತು ಒಬ್ದುಲಿಯಾ ಕುಳಿತಿದ್ದರು. ಹೊರೇಸ್ ಎದ್ದು, ನೆರೆಯವನೆಂದು ಸಾಕ್ಷಿ ಹೇಳಲು ಬಂದೆಯಾ, ದೇವರು ಒಳ್ಳೆಯದು ಮಾಡಲಿ ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕೈ ಬಿಡಿಸಿಕೊಂಡು, ಫೋನ್ ಮಾಡಿದವನು ನಾನು ಎಂದು ಹೇಳಿದೆ. ಅವರು ಮೆಲ್ಲಗೆ, "ನೀನಾ?" ಎಂದರು. ಬೆಂಚಿನ ಮೇಲೆ ಕುಳಿತು ಟೋಪಿಯ ಅಂಚನ್ನು ತಿರುಗಿಸುತ್ತಿದ್ದರು.

ಸಾರ್ಜೆಂಟ್ ಷಕಲೂಗ ನನಗೆ ತಿಳಿಸಿದ್ದು: ದೊಂಬಿಯ ವೇಳೆ ಪೊಲೀಸರ ಮೇಲೆ ಕೈಮಾಡಿದ ಸ್ಪೇನಿನವನೆಂದು ದಾಖಲಾದರೆ ಫೆರ್ಮಿನ್‌ರಿಗೆ ಶಿಕ್ಷೆಯಾಗುತ್ತದೆ, ಮತ್ತೆ ಗೇಟು ದಾಟಿ ಅಕ್ಕನ ಮನೆಗೆ ಬರುವುದಕ್ಕೆ ಎಂದೆಂದಿಗೂ ಆಗುವುದಿಲ್ಲ. ದೊಂಬಿ ಇರಲೇ ಇಲ್ಲವೆಂದು ದೂರುದಾರನೇ ಬರೆದುಕೊಟ್ಟರೆ, ಗುಂಡಿ ಕಿತ್ತುಬಂದದ್ದು ಬರೀ ಜಾರಿಬಿದ್ದ ಸಂಗತಿಯಾಗುತ್ತದೆ, ಇವತ್ತೇ ಬಿಡಬಹುದು. ಸುಳ್ಳು ದೂರಿಗಾಗಿ ನನ್ನ ಮೇಲೆ ಮೊಕದ್ದಮೆ ಆಗಬಹುದೆಂದೂ ತಿಳಿಸಿದರು. ಆಗಲಿ ಎಂದೆ.

ಆಮೇಲೆ ಅವರು ಶನಿವಾರದ ದೂರಿನ ದಾಖಲೆ ತೆರೆದು, ಪೆನ್ನು ತೆಗೆದುಕೊಂಡು, "ರಯಟ್ ಹೊಡೆದು ಹಾಕ್ತೀನಿ. ಆ ಜಾಗಕ್ಕೆ ಏನು ಬರೀಲಿ? ಖಾಲಿ ಬಿಟ್ರೆ ಮೇಲಿನೋರು ಕೇಳ್ತಾರೆ," ಎಂದರು. ನಾನು ನನಗೆ ಗೊತ್ತಿದ್ದ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಹೇಳಿದೆ. ರೋ ಎಂದರೆ ಜಗಳವಾಯಿತು, ಯಾರ ಮಧ್ಯೆ ಎಂದು ಬರೆಯಬೇಕು. ಡಿಸ್ಟರ್ಬೆನ್ಸ್ ಎಂದರೆ ಶಾಂತಿಭಂಗ, ಅದಕ್ಕೂ ಕಲಮು ಇದೆ. ರ್‍ಯಾಕೆಟ್ ಎಂದರೆ ಕಿರಿಕಿರಿಯ ಗದ್ದಲ, ಅದಕ್ಕೆ ದಂಡವಿದೆ. ಪ್ರತಿಯೊಂದು ಪದದ ಹಿಂದೆಯೂ ಒಬ್ಬ ತಪ್ಪಿತಸ್ಥ ನಿಂತಿದ್ದ. ಹಲೇಯೊ ಎಂದು ಬರೆಯಿರಿ ಎಂದೆ. ಸ್ಪ್ಯಾನಿಷಿನಲ್ಲಿ ದಾಖಲೆ ಬರೆಯುವ ಹಾಗಿಲ್ಲ ಎಂದರು. ಇಷ್ಟು ಓದಿದ ನಾನು ಅವರ ಮೇಜಿನ ಮುಂದೆ, ರಯಟ್ ಎಂದಿದ್ದ ಜಾಗವನ್ನೇ ನೋಡುತ್ತ ನಿಂತೆ.

ಬಾಗಿಲು ತೆರೆದೇ ಇತ್ತು. ಬೆಂಚಿನಲ್ಲಿದ್ದ ಒಬ್ದುಲಿಯಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ಎದ್ದು ಬಾಗಿಲಿಗೆ ಬಂದು, ನನ್ನನ್ನು ನೋಡದೆ ಸಾರ್ಜೆಂಟರಿಗೆ, "ಮದುವೆ ಅಂತ ಬರೀರಿ ಸ್ವಾಮಿ. ಶನಿವಾರ ಅಲ್ಲಿ ಆಗ್ತಾ ಇದ್ದದ್ದು ಅದೇ. ನಂದು," ಎಂದರು.

ಅದು ಸದ್ದಿನ ಹೆಸರಲ್ಲವಲ್ಲ ಎಂದು ಸಾರ್ಜೆಂಟರು ನನ್ನ ಕಡೆ ನೋಡಿದರು. ಹಾಗೆಯೇ ಬರೆಯಿರಿ ಎಂದೆ. ಅವರು ಬರೆದರು.

ಆದ್ದರಿಂದ ಏಪ್ರಿಲ್ 16ರ ಸಂಜೆ ರಿಸ್ಸೊ ಅಂಗಳದಲ್ಲಿ ನಡೆಯುತ್ತಿದ್ದದ್ದು ಹೊರೇಸ್ ಮತ್ತು ಒಬ್ದುಲಿಯಾ ಅವರ ಮದುವೆ. ಅಲ್ಲಿ ಯಾರೂ ನುಗ್ಗಿರಲಿಲ್ಲ, ಎಲ್ಲರನ್ನೂ ಕರೆದಿದ್ದರು. ನನ್ನನ್ನೂ ಕರೆದಿದ್ದರು. ಫೆರ್ಮಿನ್ ಅವರನ್ನು ಅವರ ಅಕ್ಕನ ಜೊತೆ ಕಳುಹಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಲ್ಲಿ ಬರೆದದ್ದೆಲ್ಲ ನಿಜ. ಶನಿವಾರ ಫೋನಿನಲ್ಲಿ ಹೇಳಿದ್ದು ಸುಳ್ಳು. ಈ ಹೇಳಿಕೆಯನ್ನು ಅಂಗಳದವರಿಗೆ ಓದಿ ಹೇಳಲು ನನ್ನ ಅಭ್ಯಂತರವಿಲ್ಲ.

ಜಿಬ್ರಾಲ್ಟರ್, ಏಪ್ರಿಲ್ 18, 1983.
(ಸಹಿ) ಸೆಸಿಲ್ ಬಾಲ್ಯೆತ್ತೊ