ನೀಲಿ ಮುಚ್ಚಳದ ಡಬ್ಬಿ

ನಾನು, ವಯಸ್ಸು 27, ವಿದ್ಯಾಭ್ಯಾಸ ರಸಾಯನಶಾಸ್ತ್ರದಲ್ಲಿ ಪದವಿ, ಉದ್ಯೋಗ ರಸ್ತೆ ಸಾಮಗ್ರಿ ಪರೀಕ್ಷಾಲಯದಲ್ಲಿ ಪರೀಕ್ಷಕಿ, ವಾಸ ಪರೀಕ್ಷಾಲಯದ ಹಿಂದಿನ ಬೀದಿಯ ಮೂರನೇ ಮನೆಯ ಮಹಡಿ, ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ನನಗೆ ಏಳು ತಿಂಗಳ ಮಗಳಿದ್ದಾಳೆ. ಅವಳು ಹುಟ್ಟಿದ ಮೇಲೆ ನಾನು ಒಂದೇ ಸಲಕ್ಕೆ ಎರಡು ಗಂಟೆಗಿಂತ ಹೆಚ್ಚು ನಿದ್ದೆ ಮಾಡಿಲ್ಲ. ಇದನ್ನು ನೆಪವೆಂದು ಹೇಳುತ್ತಿಲ್ಲ. ಆ ದಿನ ನಾನು ಯಾವುದನ್ನು ನಂಬಿದೆ, ಯಾವುದನ್ನು ನಂಬಲಿಲ್ಲ ಎಂಬುದು ತಿಳಿಯಲು ಹೇಳುತ್ತಿದ್ದೇನೆ.

ಈ ತಿಂಗಳ 8ರಂದು ಬೆಳಿಗ್ಗೆ 9.20ಕ್ಕೆ, ಡಾಂಬರು ಕಾಯಿಸುವ ಕೆಲಸದವರು, ಎಲ್ಲರೂ ಹೊಗೆಯಣ್ಣ ಎಂದು ಕರೆಯುವವರು, ಎರಡು ಡಬ್ಬಿ ತಂದುಕೊಟ್ಟರು. ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ನೀಲಿ. ಎರಡೂ ಬೇರೆ ಬೇರೆ ಟ್ಯಾಂಕರಿನ ಡಾಂಬರು. ಗಟ್ಟಿಯಾದದ್ದನ್ನು ದಿನವಿಡೀ ಬಿಸಿಲು ಬೀಳುವ ಆಸ್ಪತ್ರೆ ತಿರುವಿಗೂ ಮೆತ್ತಗಿನದನ್ನು ಮರಗಳ ನೆರಳಿನ ರಸ್ತೆಗೂ ಹಾಕುವುದೆಂದು ತೀರ್ಮಾನವಾಗಿತ್ತು. ಯಾವುದು ಗಟ್ಟಿ ಎಂದು ಹೋಲಿಸಿ ಹೇಳುವುದು ನನ್ನ ಕೆಲಸ. ಹೊಗೆಯಣ್ಣ ಎರಡಕ್ಕೂ ಹೆಬ್ಬೆರಳು ಒತ್ತಿ, ನೀಲಿದೇ ಗಟ್ಟಿ ಕಣಮ್ಮಾ, ಹೆಬ್ಬೆಟ್ಟು ಸುಳ್ಳು ಹೇಳಲ್ಲ ಎಂದರು. ನಮ್ಮ ಸೂಜಿಗೆ ಓದು ಬರುತ್ತೆ, ನಿಮ್ಮ ಹೆಬ್ಬೆಟ್ಟಿಗೆ ಬರಲ್ಲವಲ್ಲಣ್ಣಾ ಎಂದು ನಾನು ತಮಾಷೆ ಮಾಡಿದೆ. ಅವರು ನಕ್ಕರು. ಅವರಿಗೆ ಓದಲು ಬರುವುದಿಲ್ಲ ಎಂಬುದು ಆಗ ನನ್ನ ನೆನಪಿಗೆ ಬರಲಿಲ್ಲ.

ಅತ್ತೆಯವರು ಕಣ್ಣಿನ ಚಿಕಿತ್ಸೆಗೆ ಹೋಗಿದ್ದರಿಂದ ಮಗುವನ್ನು ಜೊತೆಗೆ ತಂದು, ಪರೀಕ್ಷೆಯ ಮೇಜಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಬುಟ್ಟಿಯಲ್ಲಿ ಮಲಗಿಸಿದ್ದೆ. ಡಾಂಬರಿನ ಎರಡು ಬಟ್ಟಲುಗಳನ್ನು 25 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಇಟ್ಟಿದ್ದೆ. ಆ ಬಿಸಿಯಲ್ಲಿ ನೂರು ಗ್ರಾಂ ಭಾರದ ಸೂಜಿಯನ್ನು ಐದು ಸೆಕೆಂಡು ಬಿಡುತ್ತೇವೆ. ಎಷ್ಟು ಆಳ ಇಳಿಯುತ್ತದೋ ಡಾಂಬರು ಅಷ್ಟು ಮೆತ್ತಗೆ. 12.40ಕ್ಕೆ ಕೆಂಪು ಡಬ್ಬಿಯದು 86, ಅಂದರೆ 8.6 ಮಿಲಿಮೀಟರ್ ಆಳ, ಬಂತು.

ಅಷ್ಟರಲ್ಲಿ ಮಗು ಎದ್ದಿತು. ಹಾಲಿನ ಬಾಟಲಿ ಫ್ರಿಜ್ಜಿನಲ್ಲಿತ್ತು. ನಾನು ತೊಟ್ಟಿಯ ತಿರುಗುಗುಂಡಿಯನ್ನು 37ಕ್ಕೆ ತಿರುಗಿಸಿ ಬಾಟಲಿಯನ್ನು ಅದರಲ್ಲೇ ಇಳಿಬಿಟ್ಟೆ. ನೀಲಿ ಡಬ್ಬಿಯ ಬಟ್ಟಲು ಇನ್ನೂ ಒಳಗಿತ್ತು. 12.55ಕ್ಕೆ ಬಾಟಲಿ ತೆಗೆದು ಗುಂಡಿಯನ್ನು ಮತ್ತೆ 25ಕ್ಕೆ ತಂದು, ಮಗುವಿಗೆ ಕುಡಿಸುತ್ತಾ ತೊಟ್ಟಿಯ ಪಕ್ಕದಲ್ಲೇ ಕುಳಿತೆ. ಮೋಟಾರು ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಿತ್ತು. ನೀರಿನಡಿಯ ಡಾಂಬರಿನ ಕಪ್ಪಿನ ಮೇಲೆ ಕಿಟಕಿಯ ಬಿಂಬವೊಂದು ತೇಲುತ್ತಿತ್ತು. ಆ ಕಿಟಕಿಯೊಳಗೆ ನಾವಿಬ್ಬರೂ ಇದ್ದೆವು. ಮಗಳ ಗುಟುಕು ನಿಧಾನವಾದಂತೆ ನಾನೂ ಅಲ್ಲೇ, ಯಾರ ಕೈಗೂ ಸಿಗದ ಆಳಕ್ಕೆ, ಇಳಿಯುತ್ತಿದ್ದೇನೆ ಅನ್ನಿಸಿತು. ಹಿತವಾಗಿತ್ತು.

1.10ಕ್ಕೆ ಸೂಜಿ ಬಿಟ್ಟೆ. ನೀಲಿಯದು 112 ಬಂತು. ಗುಂಡಿ 25 ತೋರಿಸುತ್ತಿತ್ತು. ಥರ್ಮಾಮೀಟರ್ ನೋಡಲಿಲ್ಲ. ಗುಂಡಿ ತಿರುಗಿಸಿದೊಡನೆ ನೀರು ತಣಿಯುವುದಿಲ್ಲ, ಬಿಸಿ ನೀರಿನಲ್ಲಿ ಗಟ್ಟಿ ಡಾಂಬರೂ ಮೆತ್ತಗಾಗುತ್ತದೆ.

3.30ಕ್ಕೆ ಎರಡನೇ ಪರೀಕ್ಷೆ ಮಾಡಿದೆ. ಹಿತ್ತಾಳೆಯ ಉಂಗುರಗಳಲ್ಲಿ ಡಾಂಬರು ತುಂಬಿ, ಮೇಲೆ ಉಕ್ಕಿನ ಗುಂಡು ಇಟ್ಟು ನೀರು ಕಾಯಿಸಿದರೆ, ಮೆತ್ತಗಿನದರ ಗುಂಡು ಮೊದಲು ಇಳಿಯುತ್ತದೆ. ಕೆಂಪಿನದು 43 ಡಿಗ್ರಿಗೆ ಇಳಿಯಿತು, ಕನಸಿನಲ್ಲಿ ಬೀಳುವ ಹಾಗೆ, ಸದ್ದಿಲ್ಲದೆ. ನೀಲಿಯದು 50ರವರೆಗೂ ನಿಂತಿತ್ತು. ಅಂದರೆ ಸೂಜಿ ಒಂದು ಹೇಳಿತ್ತು, ಗುಂಡು ಅದಕ್ಕೆ ಉಲ್ಟಾ ಹೇಳಿತ್ತು. ಇಂಥಲ್ಲಿ ಎರಡನ್ನೂ ಮತ್ತೆ ಮಾಡಬೇಕು. ನಾನು ಮಾಡಲಿಲ್ಲ. ತೂಕಡಿಸಿ ಉಂಗುರಗಳನ್ನು ಅದಲುಬದಲು ಮಾಡಿರಬೇಕು ಎಂದು ನನ್ನ ಕಣ್ಣನ್ನೇ ಅನುಮಾನಿಸಿ, 43 ಮತ್ತು 50ನ್ನು ಅದಲುಬದಲಾಗಿ ಬರೆದೆ. ಕೆಂಪು ಗಟ್ಟಿ, ನೀಲಿ ಮೆತ್ತಗೆ ಎಂದು 4.35ಕ್ಕೆ ಸಹಿ ಹಾಕಿದೆ.

19ರಂದು ಮಧ್ಯಾಹ್ನ 2.15ಕ್ಕೆ ಆಸ್ಪತ್ರೆ ತಿರುವಿನಲ್ಲಿ ಉಕ್ಕಿಬಂದ ಡಾಂಬರಿನ ಮೇಲೆ ಸ್ಕೂಟರ್ ಜಾರಿ, ಕೆಲಸಕ್ಕೆ ಹೊರಟಿದ್ದ ನರ್ಸ್ ಒಬ್ಬರ ಬಲ ಮಣಿಕಟ್ಟು ಮುರಿದಿದೆ. ಡಾಂಬರಿಗೆ ಸೀಮೆಎಣ್ಣೆ ಬೆರೆಸಿ ಮೆತ್ತಗೆ ಮಾಡಿದರೆಂಬ ಅನುಮಾನದ ಮೇಲೆ ಹೊಗೆಯಣ್ಣನವರನ್ನು ನಿನ್ನೆ ಸಂಜೆ 5ಕ್ಕೆ ಇಲ್ಲಿಗೆ ಕರೆತರಲಾಗಿದೆ.

ಇಂದು ಬೆಳಿಗ್ಗೆ 8.10ಕ್ಕೆ ಅವರ ಹೆಂಡತಿ ಪರೀಕ್ಷಾಲಯದ ಬಾಗಿಲಿಗೆ ಬಂದರು. ಅಳಲಿಲ್ಲ, ಬೈಯಲೂ ಇಲ್ಲ. ನಿಮ್ಮ ಸೂಜಿಗೆ ಓದು ಬರುತ್ತಂತಲ್ಲಮ್ಮಾ, ನಮ್ಮೋರು ಮನೇಲಿ ಹೇಳಿಕೊಂಡು ನಕ್ಕಿದ್ದೇ ನಕ್ಕಿದ್ದು, ಅದನ್ನೇ ಒಂದು ಸಲ ಕೇಳಿ ಹೇಳಿ ಎಂದರು.

ನಾನು ಕಪಾಟಿನಲ್ಲಿ ಅದೇ ಎರಡು ಡಬ್ಬಿಗಳಲ್ಲಿ ಉಳಿದಿದ್ದ ಮಾದರಿಯಿಂದ ಸೂಜಿಯ ಪರೀಕ್ಷೆ ಮತ್ತೆ ಮಾಡಿದೆ. ಥರ್ಮಾಮೀಟರನ್ನು ಮೂರು ಸಲ ನೋಡಿದೆ. ಕೆಂಪು 86. ನೀಲಿ 48. ಕೆಂಪು ಡಬ್ಬಿ ಒಲೆಯ ಹತ್ತಿರ ಹೋಗುವ ಮೊದಲೇ ಮೆತ್ತಗಿತ್ತು. ಯಾರೂ ಏನನ್ನೂ ಬೆರೆಸುವ ಅಗತ್ಯವಿರಲಿಲ್ಲ. ತಿರುವಿಗೆ ಮೆತ್ತಗಿನ ಡಾಂಬರು ಹೋದದ್ದು ನನ್ನ ಸಹಿಯಿಂದ.

ಎರಡೂ ಡಬ್ಬಿಗಳನ್ನು ಈ ಹೇಳಿಕೆಯ ಜೊತೆ ಒಪ್ಪಿಸಿದ್ದೇನೆ. ಪರೀಕ್ಷೆಗೆ ಒಂದು ಮೂಲೆಯಿಂದಷ್ಟೇ ತೆಗೆದಿದ್ದೇನೆ. ದಯವಿಟ್ಟು ಮುಚ್ಚಳ ತೆಗೆದು ನೋಡಬೇಕು. ಹೊಗೆಯಣ್ಣನವರು 8ರಂದು ಎರಡಕ್ಕೂ ಹೆಬ್ಬೆರಳು ಒತ್ತಿದ್ದರು. ಕೆಂಪಿನಲ್ಲಿ ಆ ಗುರುತು ಹರಿದು ಮುಚ್ಚಿಹೋಗಿದೆ, ನೋಡಿದವರ ಮುಖವಷ್ಟೇ ಕಾಣುತ್ತದೆ. ನೀಲಿಯಲ್ಲಿ ಅಂಚು ಸವೆದಿದ್ದರೂ ಗುರುತು ಹಾಗೆಯೇ ಇದೆ. ನನ್ನ ಬೆರಳನ್ನು ಅದರೊಳಗೆ ಇಟ್ಟು ನೋಡಿದೆ. ಅವರದು ದೊಡ್ಡದು.

ನಾನು ಹೇಳಿದ್ದನ್ನೇ ಬರೆದಿದ್ದಾರೆ. ಓದಿಸಿ ಕೇಳಿದ್ದೇನೆ, ಎಲ್ಲವೂ ನಿಜ. ಈ ಸಲ ಎರಡು ಬಾರಿ ಓದಿಸಿದ್ದೇನೆ.

ಸ್ಥಳ: ಠಾಣೆಯ ಮುಂದಿನ ಕೋಣೆ
ದಿನಾಂಕ: ಇದೇ ತಿಂಗಳ 22, ಮಧ್ಯಾಹ್ನ 3.05
ಸಹಿ: (ಪರೀಕ್ಷಕಿ. ಮಗು ಎಡತೋಳಿನಲ್ಲಿದ್ದುದರಿಂದ ಅಕ್ಷರ ಸ್ವಲ್ಪ ಓರೆಯಾಗಿದೆ)