ಐದು ಗಂಟೆಯ ಪುಕ್ಕಟೆ ಬಸ್ಸು

ಬೇಡ ಝಿವ್ಕಾ ಅಕ್ಕ, ಕೋಟು ಬಿಚ್ಚಲ್ಲ, ಕೂರೋಕೆ ಬಂದಿಲ್ಲ ನಾನು... ಸರಿ, ಕೂತೆ. ತಿಥಿಯ ಬೇಯಿಸಿದ ಗೋಧಿ ಒಂದೇ ಚಮಚ. ಸಾಕು, ಸಾಕು! ಈ ರಾಕಿಯಾ ಸಾರಾಯಿ ಮೊದಲು ನೆಲಕ್ಕೆ ಎರಡು ಹನಿ, ಹೋದೋರಿಗೆ... ಹಾಂ. ನಿಮ್ಮ ಯಜಮಾನರು ತೀರ್ಕೊಂಡು ಇವತ್ತಿಗೆ ನಲವತ್ತು ದಿನ ಅಂತ ಕೆಳಗಿನ ಬಾಗಿಲಿಗೆ ಅಂಟಿಸಿದ ಕಾಗದ ನೋಡಿ ಗೊತ್ತಾಯ್ತು. ಅದರಲ್ಲಿರೋ ಫೋಟೋ ಯಾವ ಕಾಲದ್ದು? ಸ್ತಾಮೆನ್ ಅಣ್ಣನಿಗೆ ಮೀಸೆನೇ ಇಲ್ಲ!

ನಾನು ಯಾರು ಅಂತ ಗೊತ್ತಲ್ಲ? ರಂಗೆಲ್. ಮಾಲ್‌ನ ಪುಕ್ಕಟೆ ಬಸ್ಸಿನ ಡ್ರೈವರ್. ಓ, ಅವರು ಹೇಳ್ತಿದ್ರಾ? ಏನಂತ?... ಹೋಗ್ಲಿ ಬಿಡಿ.

ಅಣ್ಣ ದಿನಾ ಬರೋರು. ಹತ್ತಕ್ಕೆ ಈ ಬ್ಲಾಕುಗಳ ಮುಂದೆ ನಿಲ್ಸಿದ್ರೆ ಮೊದಲು ಹತ್ತೋರು ಅವರೇ. ನನ್ನ ಹಿಂದಿನ ಸೀಟು. ಕೊಳ್ಳೋಕಾ? ಎಲ್ಲಿಂದ! ಅಲ್ಲಿ ಬೆಚ್ಚಗಿರುತ್ತೆ, ಬೆಂಚಿದೆ, ಜನ ಓಡಾಡ್ತಾರೆ. ನಮ್ಮ ಪ್ಲೋವ್ದಿವ್ ಊರಲ್ಲಿ ಕಾರಿದ್ದೋರೆಲ್ಲ ಕಾರಲ್ಲಿ ಬರ್ತಾರೆ. ಇಲ್ಲದೋರಿಗೆ ನಾನು. "ರಂಗೆಲ್, ನಾವೂ ಸಾಮಾನೇ ಕಣಯ್ಯಾ, ಬೆಳಿಗ್ಗೆ ಹೇರ್ಕೊಂಡು ಹೋಗ್ತೀಯ, ಸಂಜೆ ಯಾರೂ ಕೊಳ್ಳಲಿಲ್ಲ ಅಂತ ವಾಪಸ್ ತರ್ತೀಯ" ಅನ್ನೋರು. ನಗ್ತಿದ್ದೀರಾ? ನಗಿ. ಬಸ್ಸೆಲ್ಲ ನಗ್ತಿತ್ತು.

ನನಗೆ ಮಾತ್ರ ಈಗ ಏನೂ ಅನಿಸಲ್ಲ ಅಕ್ಕ. ಊಟ ಮಾಡ್ತೀನಿ, ರುಚಿ ಇಲ್ಲ. ಹೆಂಡತಿ ಮಾತಾಡ್ತಾಳೆ, ಕೇಳ್ಸುತ್ತೆ. ಅಷ್ಟೇ.

ಆವತ್ತಾ? ಆವತ್ತು ಏನಿಲ್ಲ. ಐದಕ್ಕೆ ಕೊನೇ ಟ್ರಿಪ್ಪು. ಹಿಮ ಬೀಳ್ತಿತ್ತು. ಮಾಲ್ ಬಾಗಿಲ ಕಡೆ ನೋಡ್ದೆ, ಯಾರೂ ಇರ್ಲಿಲ್ಲ. ಹೊರಟೆ. ಪೊಲೀಸರಿಗೂ ಇದನ್ನೇ ಬರೆದುಕೊಟ್ಟಿದ್ದೀನಿ. ಅಣ್ಣ ಯಾರ ಕಾರಲ್ಲೋ ಹೋಗಿರ್ತಾರೆ ಅಂದ್ಕೊಂಡೆ. ನಡ್ಕೊಂಡು ಹೊರಡ್ತಾರೆ ಅಂತ ಯಾರಿಗೆ ಗೊತ್ತು? ಆರು ಕಿಲೋಮೀಟರ್! ಹೆದ್ದಾರಿ ಪಕ್ಕ ಕಾಲಿಡೋಕೆ ಜಾಗ ಇಲ್ಲ. ಮಾಲ್ ಕಟ್ಟಿದೋರು ನಡೆದು ಬರೋ ಮನುಷ್ಯನನ್ನ ನೆನೆಸ್ಕೊಂಡೇ ಇಲ್ಲ. ಗುದ್ದಿದ ಆ ಲಾರಿಯವನಿಗೂ ಕಾಣಿಸಿರಲ್ಲ, ಆ ಹಿಮದಲ್ಲಿ...

ಒಂದು ನಿಮಿಷ ತಡ ಆದ್ರೂ ಬಸ್ಸಿನ ಯಂತ್ರದಲ್ಲಿ ದಾಖಲಾಗುತ್ತೆ. ನನಗೆ ಆಗ್ಲೇ ಎರಡು ನೋಟಿಸು. ಒಬ್ಬ ಮುದುಕಿಗೆ ಕಾದೆ ಅಂತ ಒಂದು, ಗಾಲಿಕುರ್ಚಿಯವನನ್ನ ಎತ್ತಿ ಹತ್ತಿಸ್ದೆ ಅಂತ ಒಂದು. ಮೂರನೇದು ಬಂದ್ರೆ ಮನೆಗೆ. ಕಾರ್ಖಾನೆ ಮುಚ್ಚಿದ್ಮೇಲೆ ಏಳು ವರ್ಷ ಅಲೆದು ಸಿಕ್ಕಿದ ಕೆಲಸ ಅಕ್ಕ ಇದು. ಅಣ್ಣನಾದ್ರೂ... ಆ ವಯಸ್ಸಲ್ಲಿ, ಜಾರೋ ನೆಲದ ಮೇಲೆ, ಡಬ್ಬ ತಲೆ ಮೇಲೆ ಎತ್ತಿ ಹಿಡ್ಕೊಂಡು ಹಾಗೆ ಓಡಿ ಬರೋದಾ! ಬಿದ್ದಿದ್ರೆ? ಉಣ್ಣೆ ಚಪ್ಪಲಿ ಡಬ್ಬ. ಬೆಳಿಗ್ಗೆನೇ ಹೇಳಿದ್ರು, ಝಿವ್ಕಾಗೆ ಮನೆಯೊಳಗೆ ಕಾಲು ತಣ್ಣಗಾಗುತ್ತೆ, ಇವತ್ತು ಕೊಳ್ಳೋದೇ ಅಂತ...

ಏನು?

ಯಾಕೆ ಹಾಗೆ ನೋಡ್ತಿದ್ದೀರಿ?

ನಾನೇನಂದೆ?... ಓಡಿ ಬರೋದಾ ಅಂದ್ನಾ?

ಏನಾದ್ರೂ ಅನ್ನಿ ಅಕ್ಕ. ಬೈರಿ. ಈ ತಟ್ಟೆ ಎತ್ತಿ ಮುಖಕ್ಕೆ ಒಗೀರಿ.

...ನೋಡ್ದೆ. ಕನ್ನಡೀಲಿ ನೋಡ್ದೆ. ಐದಾಗಿ ಅರ್ಧ ನಿಮಿಷ, ಬಸ್ಸು ಆಗ್ಲೇ ಹೊರಟಿತ್ತು. ಬ್ರೇಕ್ ಮೇಲೆ ಕಾಲಿಟ್ಟೆ. ತೆಗೆದೆ. ನಾಳೆ ಹತ್ತಕ್ಕೆ ಹತ್ತಿ ಬೈತಾರೆ, ಬೈಸ್ಕೊಂಡ್ರಾಯ್ತು ಅಂದ್ಕೊಂಡೆ. ಅವರು ನಿಂತ್ರು. ಡಬ್ಬ ಇಳಿಸಿ ಕಂಕುಳಲ್ಲಿ ಇಟ್ಕೊಂಡ್ರು. ಇನ್ನೊಂದು ಕೈ ಎತ್ತಿದ್ರು... ಬೈಯೋಕಲ್ಲ ಅಕ್ಕ.

ಹೋಗು, ಹೋಗು, ನಿನಗೆ ತಡ ಆಗುತ್ತೆ... ಅಂತ.